ಅರ್ಧರ್ಧ ಮಾತ್ರೆ

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಮುದ್ರೆ ಸಾಹೇಬ ಅದನ್ನು ತುಟಿಯೊಳಗೇ ಆರನೆಯ ಸಲ ಹೇಳಿಕೊಂಡ: ‘ಡಾಕ್ಟ್ರೇ, ಮಾತ್ರೆನ ನೀವು ಹೇಳಿದ ಹಾಗೆ ನಾವು ತಗೊಂಡಿಲ್ಲ.’ ಐದನೆಯ ಸಲ ‘ನಾವು’ ಎನ್ನುವ ಕಡೆ ‘ನಾನು’ ಎಂದು ನೋಡಿದ್ದ, ಹೆಂಡತಿಯನ್ನು ಸುಮ್ಮನೆ ಯಾಕೆ ಎಳೆಯಬೇಕು ಎಂದು. ಆದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಒಂದು ಕೊಳೆ ತೊಳೆಯಲು ಹೋಗಿ ಇನ್ನೊಂದನ್ನು ಮೆತ್ತಿಕೊಳ್ಳುವುದು ಯಾವ ಬುದ್ಧಿವಂತಿಕೆ? ಬ್ಲೇಡು ಗಲ್ಲದ ಕೆಳಗೆ ಬಂದಾಗ ಕೈ ನಡುಗುತ್ತದೆಯೇ ಎಂದು ಗಮನಿಸಿದ. ನಡುಗಲಿಲ್ಲ. ಎಂಟು ವಾರದ ಹಿಂದೆ ಇದೇ ಜಾಗದಲ್ಲಿ ಎರಡು ಕಡೆ ಕೊಯ್ದುಕೊಂಡಿದ್ದ. ಎದೆಯಲ್ಲಿ ಅವಲಕ್ಕಿ ಕುಟ್ಟುವುದು ನಿಂತಿದೆ, ನಿದ್ದೆ ಬರುತ್ತಿದೆ, ಕೈ ನೆಟ್ಟಗಿದೆ, ಕಸಿವಿಸಿ ಅದರದ್ದೇ. ಕದ್ದು ತಂದ ನೆಮ್ಮದಿಯೂ ನೆಮ್ಮದಿಯ ಹಾಗೇ ಇರುತ್ತದಲ್ಲ, ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಗುತ್ತಿತ್ತು. ‘ರೀ, ಮದುವೆ ಗಂಡಿನ ಹಾಗೆ ಎಷ್ಟು ಹೊತ್ತು ಕನ್ನಡಿ ಮುಂದೆ? ಬಸ್ಸು ನಿಮ್ಮ ಗಡ್ಡಕ್ಕೋಸ್ಕರ ಕಾಯುತ್ತಾ?’ ಎಂದು ಹೆಂಡತಿ ಹೊರಗಿನಿಂದ ಕೂಗಿದಳು. ಅವನು ಬೇಗ ಬೇಗ ಮುಖ ತೊಳೆದುಕೊಂಡ.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದು, ತಕ್ಕಡಿಗಳನ್ನು ಪರೀಕ್ಷಿಸಿ, ಸರಿ ಇದ್ದವಕ್ಕೆ ಸರ್ಕಾರದ ಮುದ್ರೆ ಒತ್ತಿ ಬಂದವನು ಅವನು. ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ನಿವೃತ್ತನಾಗಿ ನಾಲ್ಕು ವರ್ಷ ಕಳೆದರೂ ಬಿಟ್ಟಿರಲಿಲ್ಲ. ಈಗ ಮುಖದೆದುರೇ ಕರೆಯುತ್ತಿದ್ದರು. ನಿವೃತ್ತಿಯ ಮಾರನೆಯ ವಾರದಿಂದ ಶುರುವಾದದ್ದು ಈ ದುಗುಡ. ಏನೂ ಆಗಿರದಿದ್ದರೂ ಏನೋ ಆಗಿಬಿಟ್ಟಿದೆ, ಎಲ್ಲೋ ಯಾರೋ ತನ್ನ ಹೆಸರು ಕೂಗುತ್ತಿದ್ದಾರೆ ಎಂದು ಬೆಳಗಿನ ಜಾವ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ನೋಡಿದರೆ ಹೆಂಡತಿಯೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಅವಳ ದುಗುಡ ಬೇರೆ ಜಾತಿಯದು: ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಹಾಕಿದೆನೋ ಇಲ್ಲವೋ. ‘ನಿಮ್ಮದು ಕಾರಣ ಇಲ್ಲದ ಭಯ, ನನ್ನದಕ್ಕಾದರೆ ಗ್ಯಾಸ್ ಇದೆ’ ಎಂದು ಅವಳು ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ದೊಡ್ಡಾಸ್ಪತ್ರೆಯ ಗೋಡೆಯ ಮೇಲೆ ಆ ಕಾಗದವನ್ನು ಮೊದಲು ಓದಿದವಳು ಅವಳೇ. ದುಗುಡಕ್ಕೆ ಕೊಡುವ ಎರಡು ಮಾತ್ರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಪರೀಕ್ಷೆ. ಸ್ವಇಚ್ಛೆಯಿಂದ ಬರುವವರು ಬರಬಹುದು. ಒಂದು ಹಳೆಯ ಮಾತ್ರೆ, ಬಹಳ ವರ್ಷದಿಂದ ಇರುವುದು, ಬೇಗ ಕೆಲಸ ಮಾಡುತ್ತದೆ, ಆದರೆ ಬೇಗ ಅಭ್ಯಾಸವೂ ಆಗಿಬಿಡುತ್ತದೆ. ಇನ್ನೊಂದು ಹೊಸದು, ನಿಧಾನದ್ದು, ಅಷ್ಟು ಸುಲಭವಾಗಿ ಬೆನ್ನಿಗೆ ಬೀಳುವುದಿಲ್ಲ ಎಂದು ಅದನ್ನು ಮಾಡಿದವರು ಹೇಳುತ್ತಾರೆ; ನಿಜವೋ ಸುಳ್ಳೋ ನೋಡಬೇಕು. ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಎರಡೂ ಒಂದೇ ಅಚ್ಚಿನ ಬಿಳಿ ಮಾತ್ರೆಗಳು, ಒಂದೇ ತೂಕ. ಯಾರಿಗೆ ಯಾವುದು ಎಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿ ಬೀರುವಿನೊಳಗೆ ಭದ್ರ. ವಾರಕ್ಕೊಮ್ಮೆ ಬಂದು ಮೂರು ಪ್ರಶ್ನೆಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹೇಳಬೇಕು: ದುಗುಡ ಎಷ್ಟು ಇಳಿಯಿತು, ನಿದ್ದೆ ಹೇಗೆ ಬಂತು, ಮಾತ್ರೆ ತಡವಾದರೆ ಎಷ್ಟು ಚಡಪಡಿಕೆ. ಈ ಮೂರು ಮನೆಯ ಹಾಳೆಯನ್ನು ಕಂಡ ಕೂಡಲೇ ಮುದ್ರೆ ಸಾಹೇಬನಿಗೆ ಇಡೀ ವ್ಯವಸ್ಥೆಯ ಮೇಲೆ ಪ್ರೀತಿ ಹುಟ್ಟಿತು. ಇದೂ ತೂಗುವ ಕೆಲಸವೇ, ತಾನು ತಟ್ಟೆಯ ಮೇಲೆ ಕೂರಬೇಕು ಅಷ್ಟೇ ಎನ್ನಿಸಿತು. ಅವನ ಡಬ್ಬಿಗೆ ಮೂವತ್ತೊಂದನೆಯ ನಂಬರು, ಅವಳದಕ್ಕೆ ಮೂವತ್ತೆರಡು.

ಮೊದಲ ದಿನವೇ ಊಟದ ಮೇಜಿನ ಮೇಲೆ ಎರಡು ಡಬ್ಬಿ ಎದುರುಬದುರು ಕೂತಾಗ ಹೆಂಡತಿ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದ್ದಳು. ‘ನಿಮಗೆ ಒಳ್ಳೇದು ಬಂದು ನನಗೆ ಬರದಿದ್ರೆ ನನಗೆ ಹೊಟ್ಟೆಕಿಚ್ಚು. ನನಗೆ ಬಂದು ನಿಮಗೆ ಬರದಿದ್ರೆ ನನಗೆ ಪಾಪ. ಎರಡರಲ್ಲೂ ನನ್ನ ನಿದ್ದೆಗೇ ಸಂಚಕಾರ. ಅರ್ಧರ್ಧ ಮಾಡಿಬಿಡಿ.’ ಅದು ಅವರಿಬ್ಬರಿಗೂ ಅಸಹಜ ಅನ್ನಿಸಲೇ ಇಲ್ಲ, ಈಗ ನೆನೆದರೆ ಅದೇ ವಿಚಿತ್ರ. ಮೂವತ್ತೈದು ವರ್ಷದಿಂದ ಆ ಮನೆಯಲ್ಲಿ ಯಾವುದೂ ಇಡಿಯಾಗಿ ಒಬ್ಬರ ಬಾಯಿಗೆ ಹೋದದ್ದಿಲ್ಲ. ಸೇಬು ಅರ್ಧ, ಪೇಪರು ಮಡಿಕೆಯಲ್ಲಿ ಹರಿದು ಅರ್ಧ, ಒಬ್ಬರಿಗೆ ನೆಗಡಿ ಬಂದರೆ ಮೂರನೆಯ ದಿನಕ್ಕೆ ಅದರಲ್ಲೂ ಅರ್ಧ. ಮದುವೆಯಾದ ಹೊಸದರಲ್ಲಿ ಅವಳಿಗೆ ಇಬ್ಬರು ಅಕ್ಕಂದಿರಿದ್ದ ತವರಿನ ಹಳೇ ಲೆಕ್ಕಗಳ ನೋವಿತ್ತು, ಕೊನೆಯವಳಾದ್ದರಿಂದ ಯಾವಾಗಲೂ ಉಳಿದದ್ದೇ ತನ್ನ ಪಾಲಿಗೆ ಎಂದು. ಹೊಸ ಗಂಡ ಮೊದಲ ದಿನ ಒಂದು ಬ್ರೆಡ್ಡಿನ ತುಂಡನ್ನು ಸ್ಕೇಲಿಟ್ಟು ಕೊಯ್ದ ಹಾಗೆ ಎರಡು ಮಾಡಿ ಕೊಟ್ಟಿದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅವನೋ, ಮನೆಗೆ ತಂದಿಟ್ಟುಕೊಂಡಿದ್ದ ಗಾಜಿನ ಪೆಟ್ಟಿಗೆಯ ಪುಟ್ಟ ತಕ್ಕಡಿಯನ್ನು, ಉಸಿರು ತಾಗಿದರೂ ತೂಗುವಂಥದ್ದನ್ನು, ಅಟ್ಟದಿಂದ ಇಳಿಸಿದ. ಮಾತ್ರೆಯನ್ನು ಬ್ಲೇಡಿನಲ್ಲಿ ಸೀಳಿ, ಎರಡು ಪಾಲನ್ನೂ ಎರಡು ತಟ್ಟೆಗೆ ಹಾಕಿ, ಹೆಚ್ಚಾದ ಕಡೆಯಿಂದ ಚಿಟಿಕೆ ಪುಡಿ ಕೆರೆದು ಕಡಿಮೆಯಾದ ಕಡೆಗೆ ಹಾಕಿ, ಮುಳ್ಳು ನಡುವಿಗೆ ನಿಂತ ಮೇಲೆಯೇ ‘ಹೂಂ, ತಗೋ’ ಎನ್ನುತ್ತಿದ್ದ. ಹೀಗೆ ಪ್ರತಿದಿನ ಸಂಜೆ, ಎಂಟು ವಾರ.

ಆಮೇಲೆ ಶುರುವಾದದ್ದು ಹೋಲಿಕೆ. ಇಬ್ಬರ ಹೊಟ್ಟೆಯಲ್ಲೂ ಎರಡೂ ಅರ್ಧಗಳು ಇದ್ದವು, ಆದರೂ ಯಾವುದು ಯಾವ ಕೆಲಸ ಮಾಡಿತು ಎಂಬುದರಲ್ಲಿ ಅವರಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. ‘ನನ್ನದೇ ನಿದ್ದೆ ತರೋದು. ನಿಮ್ಮದು ಬರೀ ತಲೆ ಭಾರ’ ಎನ್ನುತ್ತಿದ್ದಳು ಅವಳು. ‘ನಿನ್ನದು ಕಹಿ. ಹಳೇದೇ ಅದು, ಬರೆದಿಟ್ಟುಕೋ. ನಾಳೆ ಅಭ್ಯಾಸ ಹತ್ತಿದ್ರೆ ನಿನ್ನ ಅರ್ಧದಿಂದಲೇ ಹತ್ತೋದು.’ ‘ಹಾಗಾದ್ರೆ ಎದೆ ಹಗುರ ಆಗಿದ್ದು ಯಾರದ್ರಿಂದ?’ ‘ಅದು ನನ್ನದು.’ ‘ಒಳ್ಳೇದೆಲ್ಲ ನಿಮ್ಮದು!’ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಮಾತ್ರೆ ನುಂಗಿ ಮಲಗುವ ತನಕ. ಮೊದಲು ಅವನದನ್ನು ನುಂಗಿ ಆಮೇಲೆ ತನ್ನದನ್ನು ನುಂಗಿದರೆ ಕನಸು ಬರುವುದಿಲ್ಲ ಎಂಬ ಮಟ್ಟಕ್ಕೆ ಅವಳ ಸಂಶೋಧನೆ ಹೋಗಿತ್ತು. ನಿಜ ಹೇಳಬೇಕೆಂದರೆ ಇಷ್ಟು ವರ್ಷದಲ್ಲಿ ಅವರು ಇಷ್ಟು ಖುಷಿಯಾಗಿ ಮಾತಾಡಿದ್ದೇ ಕಡಿಮೆ. ಗ್ಯಾಸು, ಬೀಗ ಎಲ್ಲ ಮರೆತು ಅವಳು ಗೊರಕೆ ಹೊಡೆಯುತ್ತ ನಿದ್ದೆ ಹೋಗುವುದನ್ನು ಕೇಳುತ್ತ ಅವನೂ ಮಲಗುತ್ತಿದ್ದ. ಮತ್ತೆ ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು, ‘ನಿಮ್ಮ ಮಾತ್ರೆನೇ ತಾನೇ ತಗೊಂಡಿದ್ದು?’ ಎಂದು ಕೇಳಿದರೆ ‘ಹೌದು’ ಎನ್ನುತ್ತಿದ್ದ. ಏಳು ವಾರ, ಏಳು ಹೌದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಹೆಂಡತಿಯನ್ನು ಕೂರಿಸಿ, ತಾನು ಅರ್ಧ ಸೀಟಿನ ಮೇಲೆ ಕೂತು, ಎರಡು ನಿಲ್ದಾಣ ಕಳೆದ ಮೇಲೆ ‘ಇವತ್ತು ಹೇಳಿಬಿಡೋಣ ಅಂತಿದ್ದೀನಿ’ ಎಂದ. ಏನನ್ನು ಎಂದು ಅವಳು ಕೇಳಲಿಲ್ಲ. ‘ಕೊನೇ ದಿನ ಯಾಕ್ರೀ? ಮುಗೀತಲ್ಲ. ಆ ಡಾಕ್ಟರಮ್ಮ ನಮ್ಮನ್ನ ನೋಡಿದ್ರೆ ಎಷ್ಟು ನಗ್ತಾ ಬರ್ತಾರೆ. ಹೇಳಿದ್ರೆ ಆ ನಗು ಹೋಯ್ತು, ಮಾತ್ರೆನೂ ಹೋಯ್ತು. ನನಗೆ ಮತ್ತೆ ಗ್ಯಾಸ್ ಶುರುವಾಗುತ್ತೆ.’ ‘ನಮ್ಮ ಅಂಕಿ ನೋಡಿ ಅವರು ಊರಿಗೆಲ್ಲ ಮಾತ್ರೆ ಬರೆದುಕೊಡ್ತಾರೆ ಕಣೇ. ಸುಳ್ಳು ತೂಕ ಅದು.’ ‘ಒಂದು ಕಣವೂ ಆಚೀಚೆ ಆಗಿಲ್ಲ, ನೀವೇ ತೂಗಿದ್ದೀರಿ’ ಎಂದು ಅವಳು ಕಿಟಕಿಯತ್ತ ತಿರುಗಿದಳು. ಅವಳ ಕಿವಿಯ ಹಿಂದೆ ಬೆಳ್ಳಗಾದ ಕೂದಲು ಗಾಳಿಗೆ ಹಾರುತ್ತಿತ್ತು. ಅವಳ ನಿದ್ದೆಗೆ ತಾನು ಕಲ್ಲು ಹಾಕಲು ಹೊರಟಿದ್ದೇನೆ, ಅದೂ ತನ್ನ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆ. ಹೇಳದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಹೇಳಿದರೆ ಹೆಂಡತಿಗೆ ದ್ರೋಹ. ಮೂವತ್ತೆರಡು ವರ್ಷ ಮುಳ್ಳು ನಡುವಿಗೆ ತಂದು ನಿಲ್ಲಿಸಿದವನಿಗೆ ಈ ತಕ್ಕಡಿ ಮಾತ್ರ ನಿಲ್ಲುತ್ತಿರಲಿಲ್ಲ.

ಆಸ್ಪತ್ರೆಯ ಮುಂದೆ ಇಳಿದಾಗ ತಳ್ಳುಗಾಡಿಯವಳು ಎಂದಿನಂತೆ ದೂರದಿಂದಲೇ ‘ಬನ್ನಿ ಸಾರ್’ ಎಂದು ಕೈಯೆತ್ತಿದಳು. ಬಸ್ ತಂಗುದಾಣದ ಪಕ್ಕ ತರಕಾರಿ ಗಾಡಿ, ಅದರ ಮೇಲೆ ಹಿತ್ತಾಳೆಯ ತಕ್ಕಡಿ. ‘ವಾಪಸ್ ಬರ್ತಾ’ ಎಂದು ಅವನು ತಲೆ ತಗ್ಗಿಸಿ ದಾಟಿದ. ಹನ್ನೊಂದು ವರ್ಷದ ಹಿಂದೆ ಅವಳು ಹಳೇ ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದಳು. ಅವತ್ತು ಅವನ ಬೆನ್ನ ಹಿಂದೆ ಮೇಲಧಿಕಾರಿ ನಿಂತಿದ್ದರು. ಆ ತಿಂಗಳ ಲೆಕ್ಕಕ್ಕೆ ತೂಕದ ಮೋಸದ ಕೇಸುಗಳು ಕಡಿಮೆ ಬಿದ್ದಿದ್ದವು. ಮುದ್ರೆ ಸಾಹೇಬ ಅವಳ ತಕ್ಕಡಿಗೆ ಒಂದೊಂದೇ ತೂಕದ ಬಟ್ಟು ಹಾಕಿ ನೋಡಿದ. ಅಷ್ಟು ಸತ್ಯವಾದ ತಕ್ಕಡಿಯನ್ನು ಅವನು ಆ ಮಾರ್ಕೆಟ್ಟಿನಲ್ಲೇ ಕಂಡಿರಲಿಲ್ಲ, ಮುಳ್ಳು ಅಲುಗಾಡಿ ಅಲುಗಾಡಿ ನಡುವಿಗೇ ಬಂದು ನಿಲ್ಲುತ್ತಿತ್ತು. ಆದರೆ ತಿರುಗಿಸಿ ನೋಡಿದರೆ ಮುದ್ರೆಯ ಅವಧಿ ಹಿಂದಿನ ದಿನವಷ್ಟೇ ಮುಗಿದಿತ್ತು. ಹಾಗೆಂದು ಬರೆಯಬಹುದಾಗಿತ್ತು. ‘ತೂಕದಲ್ಲಿ ವ್ಯತ್ಯಾಸ ಅಂತ ಹಾಕಿ’ ಎಂದರು ಮೇಲಧಿಕಾರಿ, ಗಡಿಯಾರ ನೋಡಿಕೊಳ್ಳುತ್ತ. ಅವನು ಹಾಕಿದ. ನಿಯಮದ ಪ್ರಕಾರ ಗಟ್ಟಿಯಾಗಿ ಓದಿಯೂ ಹೇಳಿದ, ಸುತ್ತ ಗಿರಾಕಿಗಳಿದ್ದರು. ಯಾರೋ ಒಬ್ಬಳು ‘ಥೂ, ಇವಳೂನಾ’ ಎಂದದ್ದು ಅವನ ಕಿವಿಗೆ ಬಿತ್ತು. ತಕ್ಕಡಿ ಮೂರು ವಾರ ಆಫೀಸಿನ ಮೂಲೆಯಲ್ಲಿತ್ತು. ವಾಪಸು ಕೊಡುವಾಗ ಅವಳು ಸೆರಗಿನಿಂದ ಅದರ ಧೂಳು ಒರೆಸಿಕೊಂಡು ಹೋಗಿದ್ದಳು. ಅಲ್ಲಿಂದೀಚೆಗೆ ಅವಳು ಎಲ್ಲರಿಗೂ ಕೊಸರು ಹಾಕುತ್ತಾಳೆ. ಮುಳ್ಳು ನಿಂತ ಮೇಲೂ ಮೇಲೊಂದು ಟೊಮೆಟೊ, ಒಂದು ಹಿಡಿ ಬೀನ್ಸ್. ಅವನಿಗೆ ಎರಡು ಹಿಡಿ. ಬೇಡವೆಂದರೂ ಚೀಲದೊಳಗೆ ತುರುಕುತ್ತಾಳೆ. ಬೆಳಗಿನ ಜಾವ ಕಾರಣವಿಲ್ಲದೆ ಎಚ್ಚರವಾಗುತ್ತದೆ ಎಂದು ಡಾಕ್ಟರಿಗೆ ಹೇಳಿದವನು ಈ ಕೊಸರಿನ ವಿಷಯ ಹೇಳಿರಲಿಲ್ಲ.

ಕಾಯುವ ಕೋಣೆಯಲ್ಲಿ ಫಿನಾಯಿಲ್ ವಾಸನೆ, ಗೋಡೆಗೆ ತಲೆಗಳು ಒರಗಿ ಒರಗಿ ಆದ ಎಣ್ಣೆಯ ಕಲೆಗಳ ಸಾಲು. ಮುದ್ರೆ ಸಾಹೇಬ ತನ್ನ ಕಲೆಯ ಕೆಳಗೇ ಕೂತ. ಎಂಟು ವಾರದಲ್ಲಿ ಅದು ತನ್ನದೇ ಅನ್ನಿಸಿತ್ತು. ಎದುರಿನ ಬೆಂಚಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ತನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ಪ್ರಾಮಾಣಿಕವಾಗಿ, ಇಡೀ ಇಡೀ ಮಾತ್ರೆ ನುಂಗಿದವನ ಹಾಗೆ. ಅವನನ್ನು ಕಂಡು ಇವನಿಗೆ ಹೊಟ್ಟೆ ಉರಿಯಿತು. ಹೆಸರು ಕರೆದರು. ಪ್ರತಿ ಸಲವೂ ಡಾಕ್ಟರಮ್ಮನೇ ಅವನನ್ನು ಕೇಳುತ್ತಿದ್ದದ್ದು, ಹೆಂಡತಿಯನ್ನು ಸಿಸ್ಟರ್. ಇವತ್ತು ಅದಲುಬದಲಾಗಿತ್ತು. ಹೆಂಡತಿ ಡಾಕ್ಟರ ಕೋಣೆಗೆ ಹೋದಳು, ಅವನ ಎದುರು ಕೂತದ್ದು ಕನ್ನಡಕಕ್ಕೆ ದಾರ ಕಟ್ಟಿಕೊಂಡ ವಯಸ್ಸಾದ ಸಿಸ್ಟರ್. ‘ಡಾಕ್ಟ್ರೇ’ ಎಂದು ಶುರುವಾಗುವ ಅವನ ವಾಕ್ಯ ಮೊದಲ ಪದದಲ್ಲೇ ಮುರಿದುಬಿತ್ತು. ಎರಡು ಕೋಣೆಯ ನಡುವೆ ಇದ್ದದ್ದು ಪ್ಲೈವುಡ್ಡಿನ ಅಡ್ಡಗೋಡೆ, ಅದೂ ಸೂರಿನ ತನಕ ಹೋಗಿರಲಿಲ್ಲ. ಆಚೆಯಿಂದ ಹೆಂಡತಿಯ ಶಾಲೆಯ ದನಿ, ಮಕ್ಕಳಿಗೆ ಪಾಠ ಹೇಳುವಾಗಿನದು, ಸ್ಪಷ್ಟವಾಗಿ ಕೇಳುತ್ತಿತ್ತು. ‘ನಿದ್ದೆಗೆ ಎಂಟು... ಬೇಡ, ಒಂಬತ್ತೇ ಹಾಕಿ.’ ಡಾಕ್ಟರು ಏನೋ ಕೇಳಿದರು. ‘ಅಯ್ಯೋ, ನನ್ನದನ್ನೇ! ಇನ್ಯಾರದು ತಗೊಳ್ಳಲಿ? ಅವರ ಡಬ್ಬಿ ನಾನು ಮುಟ್ಟೋದೂ ಇಲ್ಲ.’

ಆ ಸುಳ್ಳು ಎಷ್ಟು ಪ್ರೀತಿಯಿಂದ, ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಕಣ್ಣು ತುಂಬಿತು. ತನಗಾಗಿಯೇ ಆಡುತ್ತಿದ್ದಾಳೆ, ಬಸ್ಸಿನಲ್ಲಿ ತಾನು ಕೊಟ್ಟ ಹೆದರಿಕೆಗೆ ಮುಂಚೆಯೇ ಗೋಡೆ ಕಟ್ಟುತ್ತಿದ್ದಾಳೆ. ಸಿಸ್ಟರ್ ಪೆನ್ನಿನ ಮುಚ್ಚಳ ತೆಗೆದು, ‘ನಿಮ್ಮ ಮಾತ್ರೆನೇ ತಾನೇ ಸಾರ್ ತಗೊಂಡಿದ್ದು?’ ಎಂದರು. ತಲೆ ಎತ್ತಲಿಲ್ಲ, ಉತ್ತರ ಗೊತ್ತಿದ್ದವರ ಹಾಗೆ ಆಗಲೇ ‘ಹೌದು’ ಎಂಬ ಮನೆಯ ಮೇಲೆ ಪೆನ್ನು ಇಟ್ಟಿದ್ದರು. ಅವನು ಆ ಪೆನ್ನಿನ ತುದಿಯನ್ನು ನೋಡಿದ. ಹಳೇ ಮಾರ್ಕೆಟ್ಟಿನಲ್ಲಿ ಒಂದು ಪೆನ್ನು ಹೀಗೇ ಕಾಯುತ್ತ ನಿಂತದ್ದು, ಅದು ತನ್ನ ಕೈಯಲ್ಲೇ ಇದ್ದದ್ದು ನೆನಪಾಯಿತು. ‘ಇಲ್ಲ’ ಎಂದ. ಅಭ್ಯಾಸ ಮಾಡಿದ ವಾಕ್ಯ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಬೇರೆಯೇ. ‘ಅರ್ಧ ನಂದು, ಅರ್ಧ ಅವಳದು. ದಿನಾ. ಮೊದಲನೇ ದಿನದಿಂದ. ಅವಳಿಗೂ ಹಾಗೇ. ಏಳು ಸಲ ಸುಳ್ಳು ಹೇಳಿದ್ದೀನಿ ಸಿಸ್ಟರ್.’ ದನಿ ತನಗೆ ತಿಳಿಯದೆಯೇ ಏರಿತ್ತು. ಅಡ್ಡಗೋಡೆಯ ಆಚೆ ಕುರ್ಚಿ ಸರಿದ ಸದ್ದು. ಆಮೇಲೆ, ‘ರೀ!’

ಡಾಕ್ಟರಮ್ಮ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ನಗು ಹೋಗಿತ್ತು, ಹೆಂಡತಿ ಹೇಳಿದ ಹಾಗೆಯೇ. ಮುದ್ರೆ ಸಾಹೇಬ ಶಾಲೆಯ ಹುಡುಗನಂತೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡಿದ್ದ. ಹೆಂಡತಿ ಸೆರಗಿನ ತುದಿಯನ್ನು ಹೊಲಿಗೆ ಬಿಚ್ಚಿದೆಯೇ ಎಂದು ನೋಡುವ ನೆವದಲ್ಲಿ ತಿರುಗಿಸುತ್ತಿದ್ದಳು. ‘ಮುರಿದು ತಿಂದ್ರಾ? ಕೈಯಲ್ಲೇ?’ ಎಂದು ಕೇಳಿದರು ಡಾಕ್ಟರು. ‘ಇಲ್ಲ ಡಾಕ್ಟ್ರೇ, ಬ್ಲೇಡಲ್ಲಿ. ಆಮೇಲೆ ತಕ್ಕಡೀಲಿ ತೂಗಿ’ ಎಂದ ಅವನು, ಮತ್ತೆ ಆ ದನಿಯಲ್ಲಿ ಹೆಮ್ಮೆ ಇಣುಕಿದ್ದಕ್ಕೆ ತಾನೇ ನಾಚಿಕೊಂಡ. ‘ತೂಗಿ?’ ‘ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.’ ಡಾಕ್ಟರು ಹಣೆ ಒತ್ತಿಕೊಂಡರು. ‘ಇವತ್ತಿಂದ ನಿಮ್ಮ ಮಾತ್ರೆ ಇಳಿಸ್ತಾ ಬರಬೇಕು. ಒಂದೇ ಸಲ ನಿಲ್ಲಿಸಿದ್ರೆ ಒಳ್ಳೇದಲ್ಲ, ಮೈಗೆ ಅಭ್ಯಾಸ ಆಗಿರುತ್ತೆ, ಬಿಟ್ಟ ತಕ್ಷಣ ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತೆ. ಹಳೇದಕ್ಕೆ ಇಳಿಸೋ ಕ್ರಮ ಬೇರೆ, ಹೊಸದಕ್ಕೆ ಬೇರೆ. ಎರಡನ್ನೂ ಕಲಸಿ ತಿಂದವರಿಗೆ ಯಾವ ಪುಸ್ತಕದಲ್ಲಿ ನೋಡಲಿ ನಾನು?’ ಎಂದು ಎದ್ದು, ಯಾರಿಗೋ ಫೋನು ಮಾಡಿ ಅನುಮತಿ ಕೇಳಿ, ಬೀರುವಿನಿಂದ ಎರಡು ಲಕೋಟೆ ತಂದು ಮೇಜಿನ ಮೇಲಿಟ್ಟರು. ಮೂವತ್ತೊಂದು. ಮೂವತ್ತೆರಡು. ‘ಕಹಿ ಇದ್ದದ್ದೇ ಹಳೇದು, ನೋಡ್ತಾ ಇರು’ ಎಂದು ಅವನು ತುಟಿ ಅಲುಗಿಸದೆ ಹೆಂಡತಿಗೆ ಹೇಳಿದ. ಅವಳು ಅವನ ಕಾಲು ತುಳಿದಳು.

ಡಾಕ್ಟರು ಮೊದಲ ಚೀಟಿ ಓದಿದರು, ಎರಡನೆಯದನ್ನೂ ಓದಿದರು, ಮತ್ತೆ ಮೊದಲನೆಯದನ್ನು ತೆಗೆದುಕೊಂಡರು. ಅವರ ಬಾಯಿಯ ಒಂದು ಮೂಲೆ ತಾನಾಗಿ ಮೇಲೆ ಹೋಯಿತು. ‘ಹಳೇದು’ ಎಂದರು. ‘ಯಾರದು?’ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ‘ಇಬ್ಬರದೂ.’

‘ಹಾಗಾದ್ರೆ ಇವರ ಅರ್ಧದಿಂದ ನನಗೆ ತಲೆ ಭಾರ ಆಗ್ತಿತ್ತಲ್ಲ?’ ಎಂದಳು ಹೆಂಡತಿ, ತನ್ನ ಎಂಟು ವಾರದ ಸಂಶೋಧನೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಒಪ್ಪದೆ. ‘ಅರ್ಧ ಹಳೇದು, ಮತ್ತೆ ಅರ್ಧ ಹಳೇದು. ನೀವಿಬ್ಬರೂ ದಿನಾ ಒಂದೊಂದು ಇಡೀ ಮಾತ್ರೆ ತಗೊಂಡಿದ್ದೀರಮ್ಮ. ನಾನು ಹೇಳಿದ ಹಾಗೇನೇ.’ ಈಗ ಡಾಕ್ಟರಮ್ಮ ನಕ್ಕೇಬಿಟ್ಟರು, ಅಡ್ಡಗೋಡೆಯ ಆಚೆಯಿಂದ ಸಿಸ್ಟರೂ. ಹೆಂಡತಿಯ ಮುಖ ಅರಳಿತು. ‘ಹಾಗಾದ್ರೆ ತಪ್ಪೇ ಆಗಿಲ್ಲ! ಅಂಕಿ ಎಲ್ಲ ಸರಿಯಾಗೇ ಇದೆ, ಇಟ್ಟುಕೊಳ್ಳಿ ಡಾಕ್ಟ್ರೇ.’ ಡಾಕ್ಟರು ತಲೆಯಾಡಿಸಿದರು. ‘ಅಂಕಿ ಸರಿ ಇರಬಹುದು. ಆದ್ರೂ ತಗೊಳ್ಳೋಕೆ ಬರಲ್ಲಮ್ಮ. ನಿಯಮ ಮುರಿದ ಮೇಲೆ ಇಬ್ಬರ ಹಾಳೇನೂ ಪಕ್ಕಕ್ಕೆ ಇಡಬೇಕು.’ ‘ಇದು ಯಾವ ನ್ಯಾಯ?’ ಎಂದಳು ಅವಳು. ‘ನ್ಯಾಯವೇ’ ಎಂದು ಮುದ್ರೆ ಸಾಹೇಬ ನಡುವೆ ಬಾಯಿ ಹಾಕಿದ. ‘ತಕ್ಕಡಿ ಸರಿ ಇದೆ, ಮುದ್ರೆ ಇಲ್ಲ. ಸರಿ ಇದ್ರೂ ಹಿಡಿಯಲೇಬೇಕು.’ ಹೇಳಿದ ಮೇಲೆ ತನ್ನ ಮಾತನ್ನೇ ತಾನು ಕೇಳಿಸಿಕೊಂಡ. ಡಾಕ್ಟರು ಹಾಳೆಯ ಕೆಳಗೆ ಏನನ್ನೋ ಬರೆಯತೊಡಗಿದ್ದರು. ಅವನು ಕುರ್ಚಿಯಿಂದ ಅರ್ಧ ಎದ್ದ. ‘ಕಾರಣ ಏನಂತ ಹಾಕ್ತೀರಿ ಡಾಕ್ಟ್ರೇ?’ ಅಂಗಡಿಯವರು ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳುತ್ತಿದ್ದರು. ಡಾಕ್ಟರಿಗೆ ಏನನ್ನಿಸಿತೋ, ಹಾಳೆಯನ್ನು ಅವನತ್ತ ತಿರುಗಿಸಿದರು. ‘ಗಂಡ ಹೆಂಡತಿ ಮಾತ್ರೆಗಳನ್ನು ಸಮನಾಗಿ ಹಂಚಿಕೊಂಡಿದ್ದಾರೆ. ತಾವಾಗಿಯೇ ತಿಳಿಸಿದ್ದಾರೆ’ ಎಂದಿತ್ತು. ಅಷ್ಟೇ. ಆದದ್ದು ಆದ ಹಾಗೆ. ಏಳು ಸುಳ್ಳಿನ ಮಾತು ಬರೆಯಬಹುದಾಗಿತ್ತು, ಉತ್ತರಗಳನ್ನು ನಂಬುವಂತಿಲ್ಲ ಎಂದು ಬರೆಯಬಹುದಾಗಿತ್ತು, ಅವರ ಬೆನ್ನ ಹಿಂದೆ ಯಾರಾದರೂ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರೆ. ಒಂದು ಸಾಲು ಇಷ್ಟು ಸುಲಭವೇ ಎಂದು ಅವನು ಅದನ್ನು ಎರಡು ಸಲ ಓದಿದ.

ಇಳಿಸುವ ಕ್ರಮವನ್ನು ಸಿಸ್ಟರ್ ಬೇರೆ ಚೀಟಿಯಲ್ಲಿ ಬರೆದು ಕೊಟ್ಟರು. ವಾರ ವಾರ ಕಡಿಮೆ ಶಕ್ತಿಯ ಮಾತ್ರೆಗಳನ್ನು ಆಸ್ಪತ್ರೆಯೇ ಕೊಡುತ್ತದೆ. ಚಡಪಡಿಕೆ ಹೆಚ್ಚಾದರೆ ತಡಮಾಡದೆ ಬರಬೇಕು. ನಿದ್ದೆ ಒಂದೆರಡು ವಾರ ಕೈಕೊಟ್ಟರೆ ಹೆದರಬಾರದು. ‘ಮನೇಲಿ ತಕ್ಕಡಿ ಇದೆ, ನಾನೇ ಸ್ವಲ್ಪ ಸ್ವಲ್ಪ ಕೆರೆದು...’ ಎಂದು ಅವನು ಶುರುಮಾಡಿದ. ‘ಆ ತಕ್ಕಡೀನ ಅಟ್ಟಕ್ಕೆ ಹಾಕಿ ಸಾರ್’ ಎಂದರು ಸಿಸ್ಟರ್. ಹೆಂಡತಿ ಮೊದಲ ಸಲ ಅವನ ಕಡೆ ನೋಡಿ ನಕ್ಕಳು. ಕಾರಿಡಾರಿನಲ್ಲಿ ನಡೆಯುವಾಗ, ‘ನಾನು ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದೆ, ಎಲ್ಲ ಹಾಳು ಮಾಡಿದ್ರಿ’ ಎಂದಳು. ‘ಕೋಪಾನಾ?’ ‘ಇದೆ. ಅರ್ಧ.’ ಮೊಣಕಾಲು ನೋವೆಂದು ತಂಗುದಾಣದ ಬೆಂಚಿನ ಮೇಲೆ ಕೂತು, ಚೀಲವನ್ನು ಅವನ ಕೈಗೆ ಕೊಟ್ಟು, ತರಕಾರಿ ತನ್ನಿ ಎಂದು ಕಳಿಸಿದಳು.

ಬಿಸಿಲು ಗಾಡಿಯ ಮೇಲೆ ನೆಟ್ಟಗೆ ಬಿದ್ದಿತ್ತು, ಹಿತ್ತಾಳೆಯ ತಟ್ಟೆಗಳು ಕಣ್ಣು ಕುಕ್ಕುತ್ತಿದ್ದವು. ‘ಒಂದು ಕೆಜಿ ಟೊಮೆಟೊ’ ಎಂದ. ತಳ್ಳುಗಾಡಿಯವಳು ಆರಿಸಿ ಆರಿಸಿ ಹಾಕತೊಡಗಿದಳು. ಈ ಸಲ ವಾಕ್ಯವನ್ನು ಅವನು ಅಭ್ಯಾಸ ಮಾಡಿರಲಿಲ್ಲ. ಎಷ್ಟೋ ವರ್ಷದಿಂದ ಅವಳನ್ನು ‘ನೀನು’ ಎನ್ನುತ್ತಿದ್ದವನ ಬಾಯಿಗೆ ಬೇರೆ ಮಾತು ಬಂತು. ‘ನಿಮ್ಮ ತಕ್ಕಡಿ ಅವತ್ತು ಸರಿಯಾಗಿತ್ತಮ್ಮ. ಹಳೇ ಮಾರ್ಕೆಟ್ಟಲ್ಲಿ. ತೂಕದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಮುದ್ರೆ ಒಂದು ದಿನ ಹಳೇದಾಗಿತ್ತು ಅಷ್ಟೇ. ನಾನು ಬೇಕಂತಲೇ ಸುಳ್ಳು ಬರೆದೆ.’ ಅವಳ ಕೈ ಟೊಮೆಟೊದ ಮೇಲೆ ನಿಂತಿತು. ಪಕ್ಕದಲ್ಲಿ ಒಂದು ಬಸ್ಸು ಬಂದು ನಿಂತು, ಜನ ಇಳಿದು, ಹೊರಟೂ ಹೋಯಿತು.

‘ಸರಿ ಇತ್ತು ಅಂತ ನನಗೆ ಗೊತ್ತಿತ್ತು ಸಾರ್’ ಎಂದಳು ಅವಳು ನಿಧಾನವಾಗಿ. ‘ನಿಮಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ದೆ. ಪಾಪ, ಕಣ್ಣು ಮಂಜಾಗಿತ್ತೇನೋ, ಗಡಿಬಿಡೀಲಿ ತಪ್ಪು ನೋಡಿದ್ರೇನೋ ಅಂತ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ.’

ತನ್ನನ್ನು ಅವಳು ಶಪಿಸುತ್ತಿದ್ದಾಳೆ ಎಂದು ಬೆಳಗಿನ ಜಾವಗಳಲ್ಲಿ ಎದ್ದು ಕೂರುತ್ತಿದ್ದ. ಅವಳು ತನ್ನ ಕಣ್ಣಿಗಾಗಿ ಮರುಗುತ್ತಿದ್ದಳು. ಅದು ಶಾಪಕ್ಕಿಂತ ಹೆಚ್ಚು ಸುಟ್ಟಿತು. ‘ತಪ್ಪಾಯ್ತು’ ಎಂದ. ಅವಳು ತಕ್ಕಡಿಯನ್ನು ಎತ್ತಿದಳು. ಟೊಮೆಟೊ ಇದ್ದ ತಟ್ಟೆ ಒಂದಿಷ್ಟು ಕೆಳಗಿತ್ತು. ಅಭ್ಯಾಸಬಲದಿಂದ ಆಗಲೇ ಕೊಸರಿನ ಟೊಮೆಟೊ ಅದರೊಳಗೆ ಬಿದ್ದಿತ್ತು. ಅವಳು ಅದನ್ನು ನೋಡಿದಳು, ಅವನನ್ನೂ ನೋಡಿದಳು. ಆಮೇಲೆ ಎರಡು ಬೆರಳಿನಿಂದ ಆ ಟೊಮೆಟೊವನ್ನು ತೆಗೆದು ರಾಶಿಗೆ ವಾಪಸು ಹಾಕಿದಳು. ಮುಳ್ಳು ಆಚೆ ಹೋಯಿತು, ಈಚೆ ಬಂತು, ನಡುವಿಗೆ ಬಂದು ನಿಂತಿತು. ಇಬ್ಬರೂ ಅದು ನಿಲ್ಲುವ ತನಕ ನೋಡಿದರು. ‘ತಗೊಳ್ಳಿ’ ಎಂದಳು.

ತಂಗುದಾಣದಲ್ಲಿ ಹೆಂಡತಿ ಚೀಲವನ್ನು ಕೈಗೆ ತೆಗೆದುಕೊಂಡು, ಒಂದು ಸಲ ಎತ್ತಿ ಇಳಿಸಿ, ಹುಬ್ಬು ಗಂಟಿಕ್ಕಿದಳು. ಇಷ್ಟು ವರ್ಷ ಕೊಸರಿನ ಭಾರಕ್ಕೇ ಒಗ್ಗಿದ್ದ ಕೈ ಅದು.

‘ಇವತ್ತೇನ್ರೀ ಇದು, ಕಮ್ಮಿ ಕೊಟ್ಟಿದ್ದಾಳಲ್ಲ?’

‘ಇಲ್ಲ ಕಣೇ’ ಎಂದು ಅವಳ ಪಕ್ಕ, ಬೆಂಚಿನ ಉಳಿದ ಅರ್ಧದಲ್ಲಿ ಕೂರುತ್ತ ಅವನು ಹೇಳಿದ. ‘ಇವತ್ತು ಸರಿಯಾಗಿ ಕೊಟ್ಟಿದ್ದಾಳೆ.’